ಡ್ರಮ್ಸ್ ಬಿಟ್ಟು ಬ್ಯಾಂಜೋ ಹಿಡಿದವರು

ಜಪಾನಿನ ಹಮಾಮತ್ಸುವಿನ ಬೈಕ್ ಕಾರ್ಖಾನೆಯಲ್ಲಿದ್ದ ನಾವು ನಾಲ್ವರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದೆವು. ಮೂವರು ಜಪಾನೀಯರು, ನಾನೊಬ್ಬ ಮೈಸೂರಿನವನು. ನನ್ನದು ಬೇಸ್ ಗಿಟಾರ್. ಡ್ರಮ್ಸ್ ಬಾರಿಸುತ್ತಿದ್ದವರು ನಮಗಿಂತ ಹತ್ತು ವರ್ಷ ದೊಡ್ಡವರು. ಅವರನ್ನು ಸೆನ್‌ಪೈ, ಅಂದರೆ ಹಿರಿಯರು, ಎಂದೇ ಕರೆಯುತ್ತಿದ್ದೆವು. ಅವರ ಹೊಡೆತಕ್ಕೆ ಗೋಡೆ ನಡುಗುತ್ತಿತ್ತು.

ಭೂಕಂಪವಾಗಿ ಸುನಾಮಿ ಎದ್ದ ದಿನ ಉತ್ತರದ ಕರಾವಳಿಯ ಹುಟ್ಟೂರಿನಲ್ಲಿದ್ದ ಅವರ ಅಕ್ಕ ಸಮುದ್ರದ ಪಾಲಾದರು. ದೇಹವೂ ಸಿಗಲಿಲ್ಲ. ಎರಡು ತಿಂಗಳ ನಂತರ ಸೆನ್‌ಪೈ ಅಭ್ಯಾಸಕ್ಕೆ ಬಂದರು. ಡ್ರಮ್ಸ್ ಮುಂದೆ ಕೂತು ಕೋಲು ಎತ್ತಿದವರು ಹಾಗೇ ಕೆಳಗಿಟ್ಟರು.

“ಸುಮಿಮಾಸೆನ್, ಕ್ಷಮಿಸಿ, ಈ ಸದ್ದು ಇನ್ನು ನನ್ನಿಂದ ಆಗಲ್ಲ. ಆವತ್ತು ಅಕ್ಕ ಫೋನಲ್ಲಿದ್ದಳು. ನೆಲ ಗುಡುಗ್ತಾ ಇದೆ ಕಣೋ ಅಂದಳು. ಅಷ್ಟೇ.”

ಮುಂದಿನ ವಾರ ಅವರು ತಮ್ಮ ತಂದೆಯ ಹಳೇ ತಂತಿವಾದ್ಯ, ಬ್ಯಾಂಜೋ, ತಂದರು. ಆ ತಂದೆ ಯೌವನದಲ್ಲಿ ಅಮೆರಿಕದ ಸೈನಿಕರ ಕ್ಲಬ್ಬಿನಲ್ಲಿ ಕಂಟ್ರಿ, ಅಂದರೆ ಅವರ ಹಳ್ಳಿಗಾಡಿನ ಹಾಡುಗಳನ್ನು, ಹಾಡುತ್ತಿದ್ದವರಂತೆ. ಅಕ್ಕ-ತಮ್ಮ ಅದನ್ನೇ ಕೇಳಿ ಬೆಳೆದಿದ್ದರು.

“ಜನ ನಗ್ತಾರೆ,” ಅಂದ ನಮ್ಮ ಗಾಯಕ. ಆದರೂ ರಾಕ್ ಬಿಟ್ಟು ಕಂಟ್ರಿ ಹಾಡಲು ಒಪ್ಪಿದ. ಜನ ನಕ್ಕರು ಕೂಡ. ಮೊದಲ ಕಾರ್ಯಕ್ರಮದಲ್ಲಿ ಅರ್ಧಕ್ಕರ್ಧ ಎದ್ದು ಹೋದರು. ವರ್ಷ ಕಳೆಯುವಷ್ಟರಲ್ಲಿ ಮಾತ್ರ ಊರಿನ ಬೇರೆ ರಾಕ್ ಬ್ಯಾಂಡ್‌ಗಳೂ ಪಿಟೀಲು, ಬ್ಯಾಂಜೋ ಹಿಡಿದು ನಮ್ಮ ಹಾದಿಗೆ ಬಂದವು. ಸೆನ್‌ಪೈ ಅವರಿಗೆಲ್ಲ ತಾಳ್ಮೆಯಿಂದ ಕಲಿಸಿದರು. ನನಗೊಬ್ಬನಿಗೇ ಒಮ್ಮೆ ಹೇಳಿದರು: “ಇವರಿಗೆ ಇದು ಹೊಸ ಸಂಗೀತ. ನನಗೆ ಉಳಿದಿರೋದೇ ಇದು.”

ಆ ಚಳಿಗಾಲ ಅವರ ಊರಿನ ಸಂತ್ರಸ್ತರಿದ್ದ ತಾತ್ಕಾಲಿಕ ಮನೆಗಳ ನಡುವೆ ಹಾಡಲು ಹೋದೆವು. ಎರಡನೇ ಹಾಡು ಮುಗಿದಾಗ ಒಬ್ಬ ಮುದುಕಿ ಎದ್ದು ಬಂದು ಸೆನ್‌ಪೈ ಕೈ ಹಿಡಿದುಕೊಂಡಳು.

“ನಿನ್ನಕ್ಕ ನನ್ನನ್ನ ಗುಡ್ಡ ಹತ್ತಿಸಿದಳಪ್ಪಾ. ನಮ್ಮೆಜಮಾನರು ಹಾಸಿಗೆ ಹಿಡಿದಿದ್ದರು. ಅವರನ್ನ ಕರ್ಕೊಂಡು ಬರ್ತೀನಿ ಅಂತ ವಾಪಸ್ ಹೋದಳು. ಬೇಡ ಅನ್ನಬೇಕಿತ್ತು ನಾನು. ಅನ್ನಲಿಲ್ಲ.”

ಸೆನ್‌ಪೈ ಬ್ಯಾಂಜೋ ಪಕ್ಕಕ್ಕಿಟ್ಟು, ಅವಳ ಮುಂದೆ ಮಂಡಿಯೂರಿ, ತಲೆ ಬಾಗಿಸಿದರು. ಬಹಳ ಹೊತ್ತು ಇಬ್ಬರೂ ಅತ್ತರು. ಉಳಿದ ಹಾಡುಗಳನ್ನು ನಾವು ಮೂವರೇ ಹೇಗೋ ಮುಗಿಸಿದೆವು.

ವಸಂತದಲ್ಲಿ ಅವರು ಕೆಲಸ ಬಿಟ್ಟು ಅಲ್ಲಿಗೇ ಹೋದರು. ಮುದುಕಿಗೆ ಬೇರೆ ಯಾರೂ ಇರಲಿಲ್ಲ. ಅವರಿಲ್ಲದೆ ನಮ್ಮ ಬ್ಯಾಂಡ್ ಮೂರು ತಿಂಗಳೂ ಉಳಿಯಲಿಲ್ಲ. ಹೊಸ ವರ್ಷಕ್ಕೆ ಅವರಿಂದ ಕಾರ್ಡ್ ಬರುತ್ತದೆ: ಅಜ್ಜಿ ಚೆನ್ನಾಗಿದ್ದಾಳೆ, ಮೂಲಂಗಿ ಬೆಳೆದಿದ್ದೇವೆ ಎಂದು. ಹಾಡಿನ ಸುದ್ದಿ ಅವರು ಬರೆಯುವುದಿಲ್ಲ. ಕೇಳಲು ನನಗೂ ಬಾಯಿ ಬರುವುದಿಲ್ಲ.