ನಗು ಬಾರದ ಕೊನೆಯ ಭಾಗ

ಮದೀನತ್ ಖಲೀಫಾ ಬಡಾವಣೆಯ ಮನೆ ಖಾಲಿ ಮಾಡಿ ಅಲ್ ಗರಾಫಾಕ್ಕೆ ಹೊರಟಾಗ ಕಪಾಟಿನ ಮೂಲೆಯಲ್ಲಿ ಹಳೆಯ ವಿಡಿಯೋ ಕ್ಯಾಸೆಟ್ ಸಿಕ್ಕಿತು. ಡಬ್ಬಿ ತೆರೆದರೆ ಊದಿನ ಪರಿಮಳ. ಇಷ್ಟು ವರ್ಷವಾದರೂ ಪೂರ್ತಿ ಹೋಗಿರಲಿಲ್ಲ... ಕ್ಯಾಸೆಟ್ ಅಂಗಡಿಯ ಕಾಕಾ ಕಣ್ಣಮುಂದೆ ಬಂದರು.

ಅವರು ಮಂಗಳೂರು ಕಡೆಯ ಬ್ಯಾರಿ, ನಾನು ಗದಗದವನು. ಗ್ಯಾಸ್ ಕಂಪನಿಯ ಕೆಲಸಕ್ಕೆ ಒಬ್ಬನೇ ಗಲ್ಫಿಗೆ ಬಂದಿದ್ದ ನನಗೆ ರಜೆಯ ಶುಕ್ರವಾರ ಕಳೆಯುವುದೇ ಕಷ್ಟ. ಕಾಕಾ ನಮಾಜು ಮುಗಿಸಿ ಬಂದು, ಅಂಗಡಿಗೆ ಊದಿನ ಹೊಗೆ ಹಾಕಿ, ಟಿವಿ ಹಚ್ಚಿ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಇಂಗ್ಲೆಂಡಿನ ಒಂದು ಹಾಸ್ಯ ಸಿನಿಮಾ ಸರಣಿಯೆಂದರೆ ಅವರಿಗೆ ಪ್ರಾಣ. ಅವೇ ನಟರು, ಅದೇ ಪೆದ್ದುತನ, ಒಂದರ ಹಿಂದೆ ಒಂದು ಭಾಗ. ಆದರೆ ಪೋಲಿ ದೃಶ್ಯಗಳಿಗೆಲ್ಲ ಸೆನ್ಸಾರಿನ ಕತ್ತರಿ ಬಿದ್ದಿರುತ್ತಿತ್ತು. ಚಿತ್ರ ಹಾರಿದೊಡನೆ ಕಾಕಾ ಟೇಪು ನಿಲ್ಲಿಸಿ, ಕತ್ತರಿಸಿದ್ದನ್ನು ತಾವೇ ಎದ್ದು ಅಭಿನಯಿಸುತ್ತಿದ್ದರು. ಪುಣ್ಯಾತ್ಮರು ಅದನ್ನು ಎಲ್ಲೂ ನೋಡಿರಲಿಲ್ಲ! ಆದರೂ ಸಿನಿಮಾಕ್ಕಿಂತ ಅದೇ ಚೆಂದ. ಹೊಟ್ಟೆ ಹುಣ್ಣಾಗುವಂತೆ ನಕ್ಕು ರೂಮಿಗೆ ಹೋದರೆ ಆ ದಿನ ಊರು ಅಷ್ಟಾಗಿ ಕಾಡುತ್ತಿರಲಿಲ್ಲ.

ಬಹಳ ವರ್ಷ ಬಿಟ್ಟು ಸರಣಿಯ ಕೊನೆಯ ಭಾಗ ಬಂತು. ಹಳಬರಲ್ಲಿ ಉಳಿದವರೆಲ್ಲ ಮುದುಕರು, ಜೋಕುಗಳೆಲ್ಲ ಹಳಸಲು. ಸೆನ್ಸಾರಿನವರಿಗೆ ಕತ್ತರಿಸಲೂ ಅದರಲ್ಲಿ ಏನೂ ಸಿಕ್ಕಿರಲಿಲ್ಲ. ಕಾಕಾ ಮಾತ್ರ ಬಿದ್ದು ಬಿದ್ದು ನಗುತ್ತಿದ್ದರು.

“ಇದ್ರಾಗ ನಗೂವಂಥಾದ್ದು ಏನೈತ್ರಿ ಕಾಕಾ?”

“ಇಷ್ಟು ವರ್ಷ ನಮ್ಮನ್ನು ನಗಾಡಿಸಿದ್ದಾರೆ ಮಾರಾಯ್ರೆ. ಈಗ ಪಾಪ, ಅವರಿಂದ ಆಗುದಿಲ್ಲ. ನಾವು ಸಹ ನಗಾಡದಿದ್ರೆ ಹೇಗೆ?”

ಒಳ್ಳೇ ಹುಚ್ಚು ಮುದುಕ ಅಂದುಕೊಂಡೆ.

ಡಿಶ್ ಬಂದು ಕ್ಯಾಸೆಟ್ ವ್ಯಾಪಾರ ನೆಲಕಚ್ಚಿತು. ಕಾಕಾ ಕೆಲಕಾಲ ಅತ್ತರಿನ ಸೀಸೆ ಮಾರಿ, ಕೊನೆಗೆ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟರು. ಅಷ್ಟರಲ್ಲಿ ನನಗೂ ಸಂಸಾರವಾಗಿತ್ತು. ಬೀಳ್ಕೊಡುಗೆಯ ಊಟ ನಮ್ಮಲ್ಲೇ ಇಟ್ಟುಕೊಂಡೆವು. ಊಟವಾದ ಮೇಲೆ ಯಾರೋ “ಕಾಕಾ, ಆ ಕತ್ತರಿ ಬಿದ್ದ ಸೀನು ಮಾಡಿ” ಎಂದರು. ಉತ್ಸಾಹದಿಂದ ಎದ್ದ ಕಾಕಾ ನಡುವೆಯೇ ತಡವರಿಸಿದರು. ಮುಂದಿನದು ಮರೆತುಹೋಗಿತ್ತು. ಎತ್ತಿದ ಕೈ ಹಾಗೇ ನಿಂತಿತು. ಊಟಕ್ಕೆ ಬಂದಿದ್ದ ಹುಡುಗರು ತಲೆ ತಗ್ಗಿಸಿ ಮೊಬೈಲು ನೋಡತೊಡಗಿದರು.

ನಾನು ಜೋರಾಗಿ ನಕ್ಕೆ. ಚಪ್ಪಾಳೆ ತಟ್ಟಿ, ಕಣ್ಣೊರೆಸಿಕೊಳ್ಳುತ್ತಾ ನಕ್ಕೆ. ಹೆಂಡತಿ ಒಮ್ಮೆ ನನ್ನ ಮುಖ ನೋಡಿ ತಾನೂ ನಕ್ಕಳು. ನಗು ಕೋಣೆಯೆಲ್ಲ ಹಬ್ಬಿತು. ಕಾಕಾ “ಖಲಾಸ್, ಖಲಾಸ್” ಎನ್ನುತ್ತಾ ಕೂತರು.

ಹೊರಡುವಾಗ ಬಾಗಿಲ ಬಳಿ ಈ ಕ್ಯಾಸೆಟ್ ನನ್ನ ಕೈಗಿಟ್ಟರು. ಅದೇ ಕೊನೆಯ ಭಾಗ.

“ಒಳ್ಳೆ ನಗಾಡಿದಿರಿ ಮಾರಾಯ್ರೆ” ಎಂದರು, ಮೆಲ್ಲಗೆ.

ಆಮೇಲೆ ಅವರನ್ನು ನೋಡಲಾಗಲಿಲ್ಲ. ಹೋದ ವರ್ಷ ತೀರಿಕೊಂಡರೆಂದು ಅವರ ಊರಿನವರೊಬ್ಬರು ಹೇಳಿದರು...

“ಹಚ್ಚಾಕ ಮಷೀನೇ ಇಲ್ಲ, ಇದನ್ಯಾಕ ಹೊರ್ತೀರಿ?” ಎಂದು ಹೆಂಡತಿ ಡಬ್ಬಿಗೆ ಕೈ ಹಾಕಿದಳು. ಯಾರದೆಂದು ಹೇಳಿದೆ. ಅವಳು ಅದನ್ನು ಮೂಸಿ ನೋಡಿ, ತನ್ನ ಸೀರೆಗಳ ನಡುವೆ ಇಟ್ಟಳು.