ಲಿಫ್ಟಣ್ಣನ ಪ್ರಯಾಣದ ಬ್ಯಾಗು

ಎಂಟು ಮಹಡಿಯ ಕಚೇರಿ ಕಟ್ಟಡದ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತು ಗುಂಡಿ ಒತ್ತುವುದು ಅವನ ನೌಕರಿ. ಗುಂಡಿಯನ್ನು ಯಾರು ಬೇಕಾದರೂ ಒತ್ತಬಹುದು, ಎತ್ತಿ ಹಿಡಿದರೆ ಎರಡು ವರ್ಷದ ಮಗುವೂ ಒತ್ತಬಹುದು. ಆದರೆ ಹುದ್ದೆ ಎಂದೋ ಮಂಜೂರಾಗಿತ್ತು, ಅದನ್ನು ರದ್ದು ಮಾಡುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಹೀಗಾಗಿ ಇಪ್ಪತ್ತೆರಡು ವರ್ಷದಿಂದ ಅವನೇ ಒತ್ತುತ್ತಿದ್ದ. ಕಟ್ಟಡದವರು ತಮಾಷೆಗೆ ಲಿಫ್ಟಣ್ಣ ಎಂದು ಕರೆದದ್ದು ಸಂಬಳದ ಚೀಟಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಅವನ ಹೆಸರೇ ಆಗಿಹೋಯಿತು. ಇಷ್ಟು ವರ್ಷ ಮೇಲೆ ಕೆಳಗೆ ಓಡಾಡಿದ್ದೇ ಬಂತು, ಅಡ್ಡಡ್ಡ ಎಲ್ಲಿಗೂ ಹೋದವನಲ್ಲ.

ಚರ್ಮದ ಕೆಲಸದ ಹುಚ್ಚು ಹಿಡಿದದ್ದು ಒಂದು ಹರಿದ ಪಾಕೀಟಿನಿಂದ. ಲಿಫ್ಟು ಕೆಟ್ಟು ನಿಂತ ಒಂದು ಮಧ್ಯಾಹ್ನ ನಾಲ್ಕು ಮತ್ತು ಐದನೇ ಮಹಡಿಯ ನಡುವೆ ಒಬ್ಬನೇ ಸಿಕ್ಕಿಬಿದ್ದು, ಮಾಡಲು ಏನೂ ತೋಚದೆ ಜೇಬಿನಲ್ಲಿದ್ದ ಆ ಪಾಕೀಟಿನ ಹೊಲಿಗೆಯನ್ನೆಲ್ಲ ಬಿಚ್ಚಿ ಹಾಕಿದ. ಒಳಗೆ ಯಾವ ತುಂಡಿನ ಮೇಲೆ ಯಾವ ತುಂಡು ಕೂತಿದೆ ಎಂದು ನೋಡಿ ಬೆರಗಾದ. ಮೆಕ್ಯಾನಿಕ್ ಬಂದು ಬಾಗಿಲು ತೆಗೆದಾಗ, ‘ಇನ್ನೊಂದು ಹತ್ತು ನಿಮಿಷ ಇರಪ್ಪಾ’ ಅಂದನಂತೆ.

ಹವ್ಯಾಸಕ್ಕೆ ಬೀಳುವವರೆಲ್ಲ ಮೊದಲು ಸಾಮಾನು ಕೊಳ್ಳಲು ಓಡುತ್ತಾರೆ. ಲಿಫ್ಟಣ್ಣ ಓಡಲಿಲ್ಲ, ಓಡಿ ಅಭ್ಯಾಸವಿರಲಿಲ್ಲ. ಹಳೆಯ ಫೋರ್ಕಿನ ಹಲ್ಲುಗಳನ್ನು ಅರದಲ್ಲಿ ಉಜ್ಜಿ ಚೂಪು ಮಾಡಿಕೊಂಡ. ಅದನ್ನು ಚರ್ಮದ ಮೇಲೆ ಒತ್ತಿದರೆ ಹೊಲಿಗೆಯ ತೂತುಗಳು ಒಂದೇ ಅಂತರದಲ್ಲಿ ಗುರುತಾಗುತ್ತಿದ್ದವು. ಅಂಚಿನುದ್ದಕ್ಕೂ ಗೆರೆ ಎಳೆಯಲು ಕಂಪಾಸ್ ಪೆಟ್ಟಿಗೆಯ ಡಿವೈಡರ್ ಸಾಕಾಯಿತು. ಅಂಟಿಸಿದ್ದನ್ನು ಹಿಡಿದಿಡಲು ಫೈಲಿನ ಕಪ್ಪು ಕ್ಲಿಪ್ಪು, ಒತ್ತಿದ ಗುರುತು ಬೀಳದಂತೆ ಅದರ ಬಾಯಿಗೊಂದು ಚರ್ಮದ ಚೂರು. ಕೈ ಕೊಯ್ಯುವುದು ಮೊಂಡು ಚಾಕುವೇ ಎಂಬುದು ಎರಡು ಬೆರಳಿಗೆ ಪಟ್ಟಿ ಕಟ್ಟಿಕೊಂಡ ಮೇಲೆ ತಿಳಿಯಿತು. ಅಲ್ಲಿಂದಾಚೆಗೆ ಹಳೆಯ ಬೆಲ್ಟಿನ ಒರಟು ಬದಿಗೆ ಲೋಹ ಉಜ್ಜುವ ಪಾಲಿಷ್ ಮೆತ್ತಿ ಚಾಕು ಮಸೆಯದೆ ಕೆಲಸಕ್ಕೆ ಕೂರುತ್ತಿರಲಿಲ್ಲ. ಒದ್ದೆ ಚರ್ಮದ ಮೇಲೆ ಕಬ್ಬಿಣದ ಸಾಮಾನು ಇಟ್ಟು ಮರೆತರೆ ಶಾಯಿ ಚೆಲ್ಲಿದಂತೆ ಕಪ್ಪು ಕಲೆ ಬೀಳುತ್ತದೆ, ಏನು ಮಾಡಿದರೂ ಹೋಗುವುದಿಲ್ಲ. ಇದನ್ನು ಕಲಿಯಲು ಒಂದು ಇಡೀ ಪರ್ಸು ಹಾಳಾಯಿತು.

ಅವನು ಎಲ್ಲಕ್ಕಿಂತ ಹೆಚ್ಚು ನೆಚ್ಚಿದ್ದು ಕೈ ಹೊಲಿಗೆಯನ್ನು. ಮೇಣ ಸವರಿದ ಒಂದೇ ದಾರ, ಅದರ ಎರಡು ತುದಿಗೂ ಒಂದೊಂದು ಸೂಜಿ, ಎರಡೂ ಎದುರುಬದುರಿನಿಂದ ಒಂದೇ ತೂತಿನೊಳಗೆ ಹಾಯಬೇಕು. ಮಿಷನ್ ಹೊಲಿಗೆಯಲ್ಲಿ ಒಂದು ಕಡೆ ದಾರ ತುಂಡಾದರೆ ಸಾಲೇ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಒಂದು ಎಳೆ ಹೋದರೆ ಇನ್ನೊಂದು ಹಿಡಿದುಕೊಂಡಿರುತ್ತದೆ. ‘ಗಂಡ ಹೆಂಡತಿ ಇದ್ದ ಹಾಗೆ’ ಎಂದು ಅವನು ಒಮ್ಮೆ ಹೆಂಡತಿಗೆ ಹೇಳಿದ. ‘ಅದಕ್ಕೇ ಬಿಚ್ಚೋಕ್ಕಾಗಲ್ಲ’ ಅಂದಳು ಅವಳು.

ಪಾಕೀಟು, ಕನ್ನಡಕದ ಚೀಲ ಇವೆಲ್ಲ ಕೈ ಪಳಗಿಸಲು. ಅವನ ಮನಸ್ಸಿನಲ್ಲಿದ್ದದ್ದು ಒಂದು ದೊಡ್ಡ ಪ್ರಯಾಣದ ಬ್ಯಾಗು. ಪ್ರತಿ ವರ್ಷ ಅವನ ಹನ್ನೊಂದು ದಿನದ ರಜೆ ಸುಮ್ಮನೆ ಕಳೆದುಹೋಗುತ್ತಿತ್ತು. ಈ ವರ್ಷ ಬ್ಯಾಗು ಮುಗಿಸಿ, ಅದರಲ್ಲಿ ಎರಡು ಅಂಗಿ ಇಟ್ಟುಕೊಂಡು, ಹಗಲು ರೈಲು ಹತ್ತಿ ಅದು ಕೊನೆಗೆ ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ ಒಬ್ಬನೇ ಹೋಗಬೇಕು. ತನ್ನನ್ನು ಯಾರೂ ಲಿಫ್ಟಣ್ಣ ಎನ್ನದ ಊರಿನಲ್ಲಿ ಹನ್ನೊಂದು ದಿನ ಇರಬೇಕು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಬ್ಯಾಗಿನ ನಕ್ಷೆಯನ್ನು ದಪ್ಪ ಕಾಗದದಲ್ಲಿ ಕತ್ತರಿಸಿ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿಟ್ಟು, ಅದಕ್ಕೆಂದೇ ಒಂದು ಅಖಂಡ ಚರ್ಮ ತಂದು ಸುರುಳಿ ಸುತ್ತಿ ಮಂಚದ ಕೆಳಗೆ ಇಟ್ಟ.

ಸುರುಳಿಯ ವಾಸನೆ ಬಂಧುಬಳಗಕ್ಕೆಲ್ಲ ತಲುಪಿತು. ಮೊದಲು ಬಂದವಳು ಅತ್ತಿಗೆ, ಅವಳಿಗೊಂದು ಕೈಚೀಲ. ‘ಅದಕ್ಕೇನಂತೆ, ಮಾಡೋಣ’ ಅಂದ. ಲಿಫ್ಟಿನಲ್ಲಿ ಹೊಲಿಯುತ್ತಾ ಮೂರನೇ ಮಹಡಿಯ ಅಧಿಕಾರಿಯ ಕೈಗೆ ಸಿಕ್ಕಿಬಿದ್ದ ದಿನ ಅವರು ಬೈಯಲಿಲ್ಲ, ಫೈಲಿಗೊಂದು ಹೊದಿಕೆ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು. ‘ಅದಕ್ಕೇನಂತೆ ಸಾರ್.’ ಈ ಮನುಷ್ಯನ ಬಾಯಲ್ಲಿ ‘ಆಗಲ್ಲ’ ಎಂಬ ಮಾತು ಹುಟ್ಟಿದ್ದೇ ಇಲ್ಲ. ನಾಲಿಗೆ ತುದಿಯವರೆಗೆ ಬರುತ್ತಿತ್ತು, ಎದುರಿನವರ ಮುಖ ನೋಡಿ ವಾಪಸ್ಸು ಹೋಗುತ್ತಿತ್ತು. ಒಂದೊಂದು ಸಲವೂ ಅವನು ನಕ್ಷೆಯನ್ನು ಬಾಗಿಲಿನಿಂದ ಕಿತ್ತು, ಎರಡು ಬೆರಳು ಕಿರಿದು ಮಾಡಿ ಮತ್ತೆ ಅಂಟಿಸುತ್ತಿದ್ದ.

ಆದರೂ ಒಂದು ಜಾಣತನ ಮಾಡಿದ್ದ. ಚರ್ಮದಲ್ಲಿ ಬೆನ್ನಿನ ಭಾಗ ಗಟ್ಟಿ, ಎಳೆದರೂ ಜಗ್ಗುವುದಿಲ್ಲ. ಹೊಟ್ಟೆಯ ಭಾಗ ಸಡಿಲ, ದಿನ ಕಳೆದಂತೆ ಹಿಗ್ಗುತ್ತದೆ. ಕೇಳಿದವರಿಗೆಲ್ಲ ಅಂಚಿನಿಂದ, ಹೊಟ್ಟೆಯಿಂದ ಕತ್ತರಿಸಿ ಕೊಟ್ಟು ಬೆನ್ನನ್ನು ಬ್ಯಾಗಿಗೆಂದು ಕಾಯ್ದಿದ್ದ. ಆಗ ಮೇಲಿನ ಮನೆಯಿಂದ ಅವನ ಅಣ್ಣ ಇಳಿದು ಬಂದ.

‘ಏನೋ, ಊರಿಗೆಲ್ಲ ಮಾಡ್ಕೊಡ್ತೀಯ, ಒಡಹುಟ್ಟಿದವನಿಗೆ ಒಂದು ಬೆಲ್ಟ್ ಮಾಡೋಕ್ಕೆ ಕೈ ನೋಯುತ್ತಾ?’

‘ಅದಕ್ಕೇನಂತೆ ಅಣ್ಣ.’

ಬೆಲ್ಟನ್ನು ಬೆನ್ನಿನಿಂದಲೇ ಕತ್ತರಿಸಬೇಕು, ಉದ್ದುದ್ದಕ್ಕೆ. ಅದು ಹೋದರೆ ಬ್ಯಾಗಿನ ಅಗಲವೇ ಹೋದಂತೆ. ಲಿಫ್ಟಣ್ಣ ಎರಡು ದಿನ ಯೋಚಿಸಿ, ಜೀವಮಾನದಲ್ಲಿ ಮೊದಲ ಬಾರಿಗೆ ಬೇಕೆಂದೇ ಕೆಟ್ಟ ಕೆಲಸ ಮಾಡಿದ. ಹೊಟ್ಟೆಯಿಂದ ಬೆಲ್ಟು ಕತ್ತರಿಸಿದ. ಎರಡು ತಿಂಗಳಲ್ಲಿ ಹಿಗ್ಗಿ ಜೋಲುತ್ತದೆ, ಅಣ್ಣ ನಾಲ್ಕು ಜನರ ಮುಂದೆ ಬೈಯುತ್ತಾನೆ, ಆಮೇಲೆ ಯಾರೂ ಈ ಕಡೆ ತಲೆ ಹಾಕುವುದಿಲ್ಲ. ಅಂಚನ್ನು ಉಜ್ಜಿ ಹೊಳಪು ಕೊಡುವಾಗ ಕೈ ನಾಚಿತು, ಆದರೆ ಎದೆ ಹಗುರಾಗಿತ್ತು.

ಎರಡು ತಿಂಗಳಿಗೆ ಸರಿಯಾಗಿ ಅಣ್ಣ ಮೆಟ್ಟಿಲು ಇಳಿದು ಬಂದ. ಮುಖ ಅರಳಿತ್ತು.

‘ಏನು ಕೈಯೋ ನಿಂದು! ಅಂಗಡಿ ಬೆಲ್ಟು ಊಟ ಆದ್ಮೇಲೆ ಹೊಟ್ಟೆ ಹಿಂಡುತ್ತೆ. ಇದು ನಾನು ದಪ್ಪ ಆದ ಹಾಗೆ ತಾನೂ ಜೊತೆಗೆ ಬರುತ್ತೆ ಕಣೋ. ನಮ್ಮ ಆಫೀಸಲ್ಲಿ ಇಬ್ಬರು ಬೆನ್ನು ಬಿದ್ದಿದಾರೆ. ತಮ್ಮ ಮಾಡ್ಕೊಡ್ತಾನೆ ಅಂತ ಮಾತು ಕೊಟ್ಟುಬಿಟ್ಟೆ.’

‘ಅದಕ್ಕೇನಂತೆ ಅಣ್ಣ’ ಅಂದುಬಿಟ್ಟ ಲಿಫ್ಟಣ್ಣ. ಹೊಟ್ಟೆಯ ಚರ್ಮ ಮುಗಿದುಹೋಗಿತ್ತು. ಉಳಿದದ್ದು ಬೆನ್ನು ಮಾತ್ರ. ಅದರಿಂದ ಎರಡು ಪಟ್ಟಿ ಎಳೆದ ಮೇಲೆ ಬ್ಯಾಗಿರಲಿ, ಮಧ್ಯಾಹ್ನದ ಊಟದ ಡಬ್ಬಿಗೊಂದು ಚೀಲವೂ ಆಗದಷ್ಟು ಸಣ್ಣ ಚೂರು ಮಿಕ್ಕಿತು. ಆ ದಿನ ಅವನಿಗೆ ಬಂದ ಸಿಟ್ಟು ಅಣ್ಣನ ಮೇಲಿನದ್ದಲ್ಲ, ತನ್ನ ಬಾಯಿಯ ಮೇಲಿನದ್ದು.

ಬಾಗಿಲ ನಕ್ಷೆಯನ್ನು ಕಿತ್ತು ಮುದ್ದೆ ಮಾಡುತ್ತಿದ್ದಾಗ ಹೆಂಡತಿ ಹಿಂದೆ ಬಂದು ನಿಂತಳು.

‘ಎಲ್ಲಿಗೆ ಹೊರಟಿದ್ರಿ?’

‘ಎಲ್ಲಿಗೂ ಇಲ್ಲ.’

‘ಬೀರು ದಿನಕ್ಕೆ ಹತ್ತು ಸಲ ತೆಗೆಯೋಳು ನಾನು. ಕಾಗದ ಚಿಕ್ಕದಾಗ್ತಾ ಬಂದದ್ದು ನನಗೆ ಕಾಣಲ್ವಾ? ಹೇಳಿ.’

ಅವನು ಹೇಳಿದ. ರೈಲು, ಕೊನೆಯ ನಿಲ್ದಾಣ, ಹನ್ನೊಂದು ದಿನ, ಎಲ್ಲ. ಒಬ್ಬನೇ ಎಂಬುದನ್ನೂ ಹೇಳಿದ. ಅವಳ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ಕುರ್ಚಿ ಹತ್ತಿ, ಬೀರುವಿನ ಮೇಲಿಂದ ತನ್ನ ಹಳೆಯ ರೆಕ್ಸಿನ್ ಬ್ಯಾಗು ಇಳಿಸಿ ಧೂಳು ಕೊಡವಿದಳು.

‘ಇದೂ ಬ್ಯಾಗೇ. ಅಂಗಿ ಹಿಡಿಸುತ್ತೆ. ರಜಾ ಹಾಕಿ, ಹೋಗಿ ಬನ್ನಿ. ನಿಮ್ಮಣ್ಣನಿಗೆ ನಾನು ಹೇಳ್ಕೋತೀನಿ.’

ರಜೆ ಮಂಜೂರಾಯಿತು. ಲಿಫ್ಟು ಅವನಿಲ್ಲದೆಯೂ ಓಡುತ್ತದೆ ಎಂದು ಎಲ್ಲರಿಗೂ ಗೊತ್ತಿದ್ದದ್ದೇ. ಹೊರಡುವ ದಿನ ಬೆಳಿಗ್ಗೆ ಎಂಟಕ್ಕೇ ಅವನು ಶೂ ಕಟ್ಟಿಕೊಂಡು ಕೂತಿದ್ದ. ರೈಲು ಹತ್ತೂಕಾಲಿಗೆ, ನಿಲ್ದಾಣಕ್ಕೆ ಅರ್ಧ ಗಂಟೆಯ ದಾರಿ. ಬ್ಯಾಗು ಎತ್ತಿ ತೂಕ ನೋಡಿದ. ಹಿಡಿಕೆಯ ಬುಡದಲ್ಲಿ ಒಂದು ದಾರ ಎದ್ದು ನಿಂತಿತ್ತು. ಮಿಷನ್ ಹೊಲಿಗೆ.

‘ಎರಡು ನಿಮಿಷ’ ಎಂದು ಶೂ ಬಿಚ್ಚಿ ಕೂತ. ಅದನ್ನು ಅರ್ಧಂಬರ್ಧ ಹೊಲಿದರೆ ನಿಲ್ಲುವುದಿಲ್ಲ, ಹಳೆಯದನ್ನು ಪೂರ್ತಿ ಬಿಚ್ಚಬೇಕು. ಬಿಚ್ಚಿದ. ಹಳೆಯ ತೂತುಗಳು ಹರಿದು ದೊಡ್ಡದಾಗಿದ್ದವು, ಒಳಗಡೆ ಆಸರೆಗೆ ಚರ್ಮದ ತುಂಡೊಂದು ಕೊಡಬೇಕು. ಬೆನ್ನಿನ ಚರ್ಮದಲ್ಲಿ ಮಿಕ್ಕಿದ್ದ ಚೂರನ್ನು ಅಳೆದು ಕತ್ತರಿಸಿದ. ಮೊಣಕಾಲುಗಳ ನಡುವೆ ಎರಡು ಹಲಗೆ ಇಟ್ಟು ಹಿಡಿಕೆಯನ್ನು ಅವುಗಳ ನಡುವೆ ಸಿಕ್ಕಿಸಿ, ದಾರಕ್ಕೆ ಮೇಣ ಸವರಿದ.

‘ಒಂಬತ್ತು ಆಯ್ತು ರೀ. ಒಂದು ಹಗ್ಗ ಕಟ್ಕೊಂಡು ಹೋದ್ರೆ ಆಗಲ್ವಾ?’

‘ಆಯ್ತು, ಆಯ್ತು.’

ಒಂದು ಹಿಡಿಕೆ ಮುಗಿಯಿತು. ಒಂದು ಕಡೆ ಕೈ ಹೊಲಿಗೆ, ಇನ್ನೊಂದು ಕಡೆ ಮಿಷನ್ ಹೊಲಿಗೆ ಇದ್ದರೆ ಭಾರ ಒಂದೇ ಸಮ ಬೀಳುವುದಿಲ್ಲ. ಎರಡನೆಯದನ್ನೂ ಬಿಚ್ಚಿದ. ಹೆಂಡತಿ ಹೊಸಿಲ ಬಳಿ ನಿಂತು ಗಡಿಯಾರ ನೋಡಿದಳು, ಅವನನ್ನು ನೋಡಿದಳು. ಹತ್ತು ಹೊಡೆದಾಗ ಅವನ ಎರಡೂ ಸೂಜಿಗಳು ಒಂದೇ ತೂತಿನಲ್ಲಿದ್ದವು. ಆ ಗಳಿಗೆಯಲ್ಲಿ ಅವನಿಗೆ ಆದದ್ದು ಗಾಬರಿಯಲ್ಲ, ಸಮಾಧಾನ. ಪರೀಕ್ಷೆ ಮುಂದಕ್ಕೆ ಹೋಯಿತು ಎಂದು ಕೇಳಿದ ಹುಡುಗನಿಗೆ ಆಗುವಂಥದ್ದೇ. ಅದು ತಿಳಿದೊಡನೆ ಅವನಿಗೆ ನಿಜವಾಗಿ ಭಯವಾಯಿತು. ಇಷ್ಟು ದಿನ ತನ್ನನ್ನು ಹಿಡಿದಿಟ್ಟವರು ಅತ್ತಿಗೆ, ಅಧಿಕಾರಿ, ಅಣ್ಣ ಎಂದುಕೊಂಡಿದ್ದ.

ಮುಗಿಸಿ, ಬಿಚ್ಚಿಕೊಳ್ಳದಂತೆ ದಾರದ ತುದಿಯ ಗಂಟು ಸುಟ್ಟಾಗ ಹತ್ತೂಮುಕ್ಕಾಲು. ಹೆಂಡತಿ ಪಕ್ಕದಲ್ಲಿ ಬಂದು ಕೂತಳು. ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

‘ನಾಳೇನೂ ಇದೇ ಹೊತ್ತಿಗೆ ರೈಲಿದೆ.’

‘ಇದೆ’ ಅಂದ ಅವನು. ಬ್ಯಾಗನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಅವಳ ಮುಖ ನೋಡದೆ ಹೇಳಿದ: ‘ಆದ್ರೆ ಈ ಜಿಪ್ಪು ನೋಡು, ಇಲ್ಲಿ ಸ್ವಲ್ಪ ಹಿಡೀತಾ ಇದೆ.’