ನಮ್ಮ ಮನೆಯ ಶಾಮರಾಯರು

ಮದುವೆಯಾದ ಹೊಸತರಲ್ಲಿ ಅಗ್ರಹಾರದ ಓಣಿಯೊಂದರಲ್ಲಿ ನಾವು ಬಾಡಿಗೆಗೆ ಹಿಡಿದ ಮಹಡಿಯ ಕೋಣೆಯಲ್ಲಿ, ಬಾಗಿಲ ಹಿಂದಿನ ಗೂಟಕ್ಕೆ ಹಳೆಯ ಕೊಡೆಯೊಂದು ನೇತಾಡುತ್ತಿತ್ತು. ನಮಗಿಂತ ಮುಂಚೆ ಅಲ್ಲಿದ್ದವರಾರೋ ಬಿಟ್ಟುಹೋದದ್ದು. ಬಿದಿರಿನ ಹಿಡಿ, ಕಪ್ಪೋ ಕಂದೋ ತಿಳಿಯದಷ್ಟು ಮಾಸಿದ ಬಟ್ಟೆ, ಕಡ್ಡಿಯೊಂದು ಮುರಿದು ಸೊಂಟ ಹಿಡಿದವರ ಹಾಗೆ ವಾರೆಯಾದ ನಿಲುವು. ನೀವು ನಂಬುತ್ತೀರೋ ಇಲ್ಲವೋ, ನಮ್ಮ ದಾಂಪತ್ಯದ ಮೊದಲ ನಿಜವಾದ ಮಾತುಕತೆ ಹುಟ್ಟಿದ್ದು ಆ ಕೊಡೆಯಿಂದ.

ನಾನಾಗ ಸ್ಕೂಲ್ ಮೇಷ್ಟ್ರು. ಒಕ್ಕಲು ಮನೆತನದಲ್ಲಿ ಹುಟ್ಟಿ, ಮೈಸೂರಿನ ಹಾಸ್ಟೆಲುಗಳಲ್ಲಿ ಉಂಡು ಓದಿದವನು. ಗೌರಿ ನಂಜನಗೂಡಿನ ಆಚೆಯ ಹಳ್ಳಿಯವಳು, ನಾಲ್ಕನೆಯ ಕ್ಲಾಸಿಗೇ ಓದು ಬಿಟ್ಟವಳು. ನಾನು ಏನು ಕೇಳಿದರೂ 'ಊಂ' ಎನ್ನುವಳು, ಇಲ್ಲವೇ 'ಊಹೂಂ' ಎನ್ನುವಳು. ಒಂದು ಭಾನುವಾರ ಅಕ್ಕಿ ಆರಿಸುತ್ತಾ ಕುಳಿತಿದ್ದವಳು ತಾನಾಗಿಯೇ ಕೇಳಿದಳು, "ಆ ಕೊಡೆ ಬುಟ್ಟೋದೋರು ಎಂಥೋರಿದ್ದಿರಬೋದು?"

"ಮರೆವಿನ ಮುದುಕರು," ಎಂದೆ. "ಶಾಮರಾಯರು ಅಂತ. ಕನ್ನಡಕ ಹಣೆ ಮೇಲಿಟ್ಟುಕೊಂಡು ಮನೆಯೆಲ್ಲಾ ಕನ್ನಡಕ ಹುಡುಕೋರು."

ಅವಳು ನಕ್ಕಳು. ಆ ನಗುವಿನ ಆಸೆಗೆ ನಾನು ಮರುದಿನ ಸಂಜೆ ಸ್ಕೂಲಿನಿಂದ ಬಂದವನು ಹೊಸ್ತಿಲಲ್ಲೇ ಕೆಮ್ಮಿ, "ಗೌರಮ್ಮಾ, ನಾನು ಇಲ್ಲೇ ಇರೋನೋ, ಪಕ್ಕದ ಮನೆಯೋನೋ?" ಎಂದು ರಾಯರ ದನಿಯಲ್ಲಿ ಕೇಳಿದೆ. ಹೀಗೆ ಶುರುವಾಯಿತು ಆಟ. ಒಂದು ಸಂಜೆ ನಾನು ರಾಯರಾದರೆ ಇನ್ನೊಂದು ಸಂಜೆ ಅವಳು. ಸೆರಗನ್ನೇ ಅಂಗವಸ್ತ್ರದಂತೆ ಹೆಗಲಿಗೆ ಹಾಕಿಕೊಂಡು ಕೂತಳೆಂದರೆ ನನ್ನ ಕೆಮ್ಮಿನ ರಾಯರು ಅವಳ ರಾಯರ ಮುಂದೆ ಸಪ್ಪೆಯಾಗುತ್ತಿದ್ದರು. ಹೆಂಡತಿಯಾಗಿ ಹೇಳಲಾರದ್ದನ್ನು ಅವಳು ರಾಯರಾಗಿ ಹೇಳುತ್ತಿದ್ದಳು: "ಏನ್ ಮೇಷ್ಟ್ರೇ, ಆ ಹುಡುಗಿ ಊರ್ ಬುಟ್ಟು ಬಂದವ್ಳೆ, ಒಂದಿಸ ಕೆರೆ ಕಡೆ ಕರ್ಕೊಂಡೋಗಬಾರ್ದಾ?" ಮರುದಿನವೇ ನಾವಿಬ್ಬರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿದ್ದೆವು.

ಮೊದಮೊದಲು ರಾಯರಿಗೆ ಇದ್ದದ್ದು ಒಂದೇ ಗುಣ, ಮರೆವು. ಒಂದೇ ಗುಣದ ಮನುಷ್ಯ ನಗಿಸಬಲ್ಲ. ಮನೆಯಲ್ಲಿ ಬಹಳ ಕಾಲ ಉಳಿಯಲಾರ. ಉಳಿಯುವಂತೆ ಮಾಡಿದವಳು ಗೌರಿ. "ಅವ್ರು ಮರ್ತು ಬುಟ್ಟೋಗಿಲ್ಲ ಕಣ್ರೀ, ತಿರುಗಿ ಬರೋಕೊಂದು ನೆವ ಇರ್ಲಿ ಅಂತ ಬುಟ್ಟವ್ರೆ," ಎಂದಳು ಒಂದು ದಿನ. ಆ ಮಾತಿನಿಂದ ನನ್ನ ಹಾಸ್ಯದ ಗೊಂಬೆಗೆ ಒಂದು ಒಂಟಿತನ ಬಂತು. ಒಂಟಿತನದ ಹಿಂದೆಯೇ ಹುಣಸೂರಿನಲ್ಲಿ ಒಬ್ಬ ತಂಗಿ ಬಂದಳು, ಅವಳೊಡನೆ ಎಂದೋ ಆಡಿದ ಒರಟು ಮಾತು ಬಂತು, ಆ ಮಾತಿನ ಪಶ್ಚಾತ್ತಾಪವೂ ಬಂತು. ಪಾತ್ರಗಳನ್ನು ನಾವು ಕಟ್ಟುತ್ತೇವೆನ್ನುವುದು ಅರ್ಧ ಮಾತ್ರ ನಿಜ, ಗೆಳೆಯರೇ. ಬಾಗಿಲು ತೆರೆದಿಟ್ಟು ಕಾಯುವುದಷ್ಟೇ ನಮ್ಮ ಕೆಲಸ. ಅವರು ತಮ್ಮ ಗಂಟುಮೂಟೆಗಳನ್ನು ಒಂದೊಂದಾಗಿ ತಾವೇ ಹೊತ್ತು ತರುತ್ತಾರೆ.

ನಾನು ರಾಯರ ಮರೆವಿನ ತಮಾಷೆಗಳನ್ನಷ್ಟೇ ಕಥೆಯಾಗಿಸಿ ವಾರಪತ್ರಿಕೆಗೆ ಕಳಿಸಿದೆ. ಅಚ್ಚಾಯಿತು, ಸ್ಟಾಫ್ ರೂಮಿನಲ್ಲಿ ಎಲ್ಲರೂ ಬಿದ್ದುಬಿದ್ದು ನಕ್ಕರು. ಗೌರಿ ಅಕ್ಷರ ಕೂಡಿಸಿಕೊಂಡು ಮಧ್ಯಾಹ್ನವೆಲ್ಲಾ ಓದಿ, ಪತ್ರಿಕೆ ಮಡಿಸಿಟ್ಟು, "ಚೆನ್ನಾಗದೆ. ಆದ್ರೆ ಇವ್ರು ನಮ್ ರಾಯರಲ್ಲ," ಎಂದಳು. ನನಗೆ ಸಿಟ್ಟು ಬಂತು. ಅವಳು ಹೇಳಿದ್ದು ಏನೆಂಬುದು ತಿಳಿಯಲಿಲ್ಲ.

ತಿಳಿಯುವ ಕಾಲ ಬಂದದ್ದು ಬೇರೆ ದಾರಿಯಿಂದ. ಗೌರಿಗೆ ಚೊಚ್ಚಲ ಹೆರಿಗೆಯಾಯಿತು. ಗಂಡು ಮಗು, ಉಸಿರಿರಲಿಲ್ಲ. ತವರಿನಿಂದ ಮರಳಿದವಳು ಮತ್ತೆ 'ಊಂ', 'ಊಹೂಂ'ಗಳ ಕಾಲಕ್ಕೆ ಹೋದಳು. ಬಂದವರೆಲ್ಲ, "ಆಗಿದ್ದಾಯ್ತು ಕಣಮ್ಮ, ಇನ್ನೊಂದಾಗುತ್ತೆ ಬಿಡು," ಎಂದು ಕಾಫಿ ಕುಡಿದು ಹೋದರು. ನಾನೂ ಮಗುವಿನ ಮಾತೆತ್ತಲಿಲ್ಲ. ಎತ್ತದಿರುವುದೇ ಅವಳಿಗೆ ತೋರುವ ದಯೆ ಎಂದುಕೊಂಡಿದ್ದೆ. ಒಂದೇ ಕೋಣೆಯಲ್ಲಿ ಇಬ್ಬರೂ ಎದುರುಬದುರು ಗೋಡೆಗೆ ಒರಗಿ ಕೂರುತ್ತಿದ್ದೆವು. ರಾಯರು ಆ ಕಡೆ ಸುಳಿದೇ ಇರಲಿಲ್ಲ.

ತಿಂಗಳುಗಳು ಕಳೆದ ಮೇಲೆ ಒಂದು ಸಂಜೆ ಕಾಫಿ ಲೋಟ ನನ್ನ ಮುಂದಿಟ್ಟು, ಕಿಟಕಿಯ ಕಡೆ ನೋಡುತ್ತಾ ಗೌರಿ ಹೇಳಿದಳು: "ಇವತ್ತು ರಾಯರು ಬಂದಿದ್ರು."

"ಏನಂದ್ರು?" ಎಂದೆ.

"ಏನೂ ಅನ್ನಲಿಲ್ಲ. ಸುಮ್ನೆ ಕೂತಿದ್ರು. ಓಗೋವಾಗ ಒಂದು ಮಾತ ಕೇಳ್ಬೇಕು ಅನ್ಕೊಂಡ್ರು. ಕೇಳಾಕಾಗಲಿಲ್ಲ, ಎದ್ದೋದ್ರು."

ಅವಳು ನನ್ನನ್ನು ಕರೆಯುತ್ತಿದ್ದಳು; ಗಂಡನಾಗಿ ಬರಲಾರದವನನ್ನು ರಾಯರಾಗಿಯಾದರೂ ಬಾ ಎನ್ನುತ್ತಿದ್ದಳು. ನಾನು ಕೆಮ್ಮಲಿಲ್ಲ, ದನಿ ಬದಲಿಸಲಿಲ್ಲ. "ಗೌರಮ್ಮಾ," ಎಂದೆ, "ಮಗುವಿಗೆ ಏನು ಹೆಸರಿಡಬೇಕು ಅಂತಿದ್ದೆ, ತಾಯಿ?"

"ನಂಜುಂಡ," ಎಂದಳು ಥಟ್ಟನೆ. ಎಷ್ಟು ದಿನದಿಂದ ನಾಲಗೆಯ ತುದಿಯಲ್ಲಿತ್ತೋ. "ಒಟ್ಟೇಲಿದ್ದಾಗ ಅಂಗೇ ಕರೀತಿದ್ದೆ. ಯಾರೂ ಕೇಳಲೇ ಇಲ್ಲ, ರಾಯರೇ."

ನಾನು ಎದ್ದು ಅವಳ ಗೋಡೆಯ ಕಡೆ ಹೋಗಿ ಕೂತೆ. ಇಬ್ಬರೂ ದೀಪ ಹಚ್ಚುವುದನ್ನೂ ಮರೆತು ಅತ್ತೆವು. ನಮ್ಮ ಮಗನನ್ನು ಹೆಸರು ಹಿಡಿದು ಕರೆದು ಅತ್ತೆವು.

ಆಮೇಲೆ ಗೌರಿಯೇ ಹೇಳಿದಳು, "ರಾಯರ್ನ ಇನ್ನೊಂದ್ಸಲ ಬರೀರಿ. ನಗ್ಸಾಕೆ ಮಾತ್ರ ಬ್ಯಾಡ." ಬರೆದೆ. ಸ್ಟಾಫ್ ರೂಮಿನಲ್ಲಿ ಯಾರೂ ನಗಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಹತ್ತಿರ ಬಂದು ನನ್ನ ಭುಜ ಮುಟ್ಟಿ ಕ್ಲಾಸಿಗೆ ಹೋದರು. ಗೌರಿ ಓದಿ ಮುಗಿಸಿ, "ಇವ್ರೇ," ಎಂದಳು. ನನಗೆ ಬಂದ ವಿಮರ್ಶೆಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಕೆಲವು ವರ್ಷಗಳ ನಂತರ ಜಯಲಕ್ಷ್ಮಿಪುರದಲ್ಲಿ, ಅಂಗಳವಿರುವ ಮನೆಗೆ ಬಂದೆವು. ಅಷ್ಟರಲ್ಲಿ ನಮಗೊಬ್ಬಳು ಮಗಳಿದ್ದಳು, ಸುಮಿತ್ರಾ. ನಮ್ಮ ಮಾತು ಕೇಳಿಕೇಳಿ ಅವಳಿಗೂ ರಾಯರು ನೆಂಟರೇ. ಒಂದು ಸಂಜೆ ನನ್ನ ಪಂಚೆಯನ್ನು ಮೈಗೆ ಸುತ್ತಿಕೊಂಡು, "ನಾನೇ ಶಾಮರಾಯ!" ಎಂದು ಕೂಗುತ್ತಾ ಅಂಗಳದ ತುಂಬ ಓಡಿದಳು, ಗೇಟು ಹತ್ತಿ ಧುಮುಕಿದಳು, ಬೀದಿಯವರನ್ನೆಲ್ಲಾ ಕರೆದು ಮಾತಾಡಿಸಿದಳು. ನಾವು ಬಲ್ಲ ರಾಯರು ಎಂದೂ ಓಡಿದವರಲ್ಲ, ಎಂದೂ ಕೂಗಿದವರಲ್ಲ. ಇವರು ನಮ್ಮ ರಾಯರಲ್ಲ ಎಂದು ಹೇಳಿ ತಿದ್ದಲು ನಾನು ಜಗಲಿಯಿಂದ ಏಳಹೊರಟೆ.

ಗೌರಿ ನನ್ನ ತೋಳು ಹಿಡಿದು ಕೂರಿಸಿದಳು.

"ಬುಡಿ," ಎಂದಳು. "ಅವ್ರೂ ಒಸಿ ಆಡ್ಲಿ."